ಏಷ್ಯಾದ ಹಣಕಾಸು ಬೆಳವಣಿಗೆ ಮತ್ತು ಗದಗ ಜಿಲ್ಲೆಯ ಗ್ರಾಮೀಣ ಸಾಲ

ಜಾಗತಿಕ ಬ್ಯಾಂಕಿಂಗ್ ಮತ್ತು ಹಣಕಾಸು ಕ್ಷೇತ್ರದಲ್ಲಿ ಏಷ್ಯಾ ಖಂಡದ ಪಾತ್ರವು 20ನೆಯ ಶತಮಾನದ ಕೊನೆಯ ದಶಕಗಳಿಂದ ಹೆಚ್ಚುತ್ತಾ ಬಂದಿದೆ. ಒಟ್ಟು ಆಸ್ತಿಯ ಗಾತ್ರದಲ್ಲಿ ವಿಶ್ವದ ಮೊದಲ ನಾಲ್ಕು ಬ್ಯಾಂಕುಗಳು ಇಂದು ಚೀನಾ ದೇಶದವು. ವಿದೇಶಿ ವಿನಿಮಯದ ಅತಿ ದೊಡ್ಡ ಸಂಗ್ರಹಗಳು ಚೀನಾ ಮತ್ತು ಜಪಾನ್ ದೇಶಗಳ ಬಳಿ ಇವೆ. ಮೊಬೈಲ್ ಮೂಲಕ ನಡೆಯುವ ತತ್‌ಕ್ಷಣದ ಹಣ ಪಾವತಿಯಲ್ಲಿ ಭಾರತವು ಮುಂಚೂಣಿಯಲ್ಲಿದೆ. ಈ ಬದಲಾವಣೆಯನ್ನು ಸಾಮಾನ್ಯವಾಗಿ ಶಾಂಘೈ, ಟೋಕಿಯೊ, ಸಿಂಗಾಪುರ, ಮುಂಬಯಿ ಮೊದಲಾದ ಮಹಾನಗರಗಳ ದೃಷ್ಟಿಯಿಂದ ವಿವರಿಸಲಾಗುತ್ತದೆ. ಪ್ರಸ್ತುತ ಲೇಖನವು ಅದನ್ನು ಕರ್ನಾಟಕದ ಗದಗ ಜಿಲ್ಲೆಯ, ವಿಶೇಷವಾಗಿ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಗ್ರಾಮೀಣ ಸಾಲ ವ್ಯವಸ್ಥೆಯ ಹಿನ್ನೆಲೆಯಲ್ಲಿ ಪರಿಶೀಲಿಸುತ್ತದೆ.

ಈ ಜಿಲ್ಲೆಯನ್ನು ಆಯ್ದುಕೊಳ್ಳಲು ಕಾರಣವಿದೆ. ಏಷ್ಯಾದ ಆರಂಭಿಕ ಕೃಷಿ ಸಹಕಾರ ಸಂಘಗಳಲ್ಲಿ ಒಂದಾದ ಕಣಗಿನಹಾಳ ಸಂಘವು 1905ರಲ್ಲಿ ಸ್ಥಾಪನೆಯಾದದ್ದು ಇಲ್ಲಿಯೇ. ಹಣಕಾಸು ಸಂಸ್ಥೆಗಳು ಎಷ್ಟು ದೊಡ್ಡದಾಗಿವೆ ಎಂಬ ಪ್ರಶ್ನೆಯ ಜೊತೆಗೆ, ಅವುಗಳ ಒಡೆತನ ಯಾರದು, ಸಾಲ ಕೊಡುವ ತೀರ್ಮಾನ ಎಲ್ಲಿ ಆಗುತ್ತದೆ, ಲಾಭ ಎಲ್ಲಿಗೆ ಸೇರುತ್ತದೆ ಎಂಬ ಪ್ರಶ್ನೆಗಳನ್ನೂ ಈ ಜಿಲ್ಲೆಯ ಇತಿಹಾಸವು ಮುಂದಿಡುತ್ತದೆ.

ಪ್ರದೇಶ ಪರಿಚಯ

ಗದಗ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. 2011ರ ಜನಗಣತಿಯಂತೆ ಇದರ ಜನಸಂಖ್ಯೆ ಸುಮಾರು 10.6 ಲಕ್ಷ. ರೋಣ ಮತ್ತು ನರಗುಂದ ತಾಲ್ಲೂಕುಗಳ ಬಹುಭಾಗ ಎರೆಭೂಮಿ. ಹೆಸರು, ಕಡಲೆ, ಬಿಳಿಜೋಳ, ಹತ್ತಿ, ಶೇಂಗಾ, ಉಳ್ಳಾಗಡ್ಡಿ ಮತ್ತು ಮೆಣಸಿನಕಾಯಿ ಇಲ್ಲಿನ ಮುಖ್ಯ ಬೆಳೆಗಳು. ನರಗುಂದ ಭಾಗಕ್ಕೆ ಮಲಪ್ರಭಾ ಕಾಲುವೆಯ ನೀರಾವರಿ ಇದೆಯಾದರೂ ಜಿಲ್ಲೆಯ ಹೆಚ್ಚಿನ ಒಕ್ಕಲುತನ ಮಳೆಯನ್ನೇ ನಂಬಿದೆ. ಗಜೇಂದ್ರಗಡವು ಹಿಂದೆ ರೋಣ ತಾಲ್ಲೂಕಿನ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿದೆ; ಕೈಮಗ್ಗದ ನೇಕಾರಿಕೆಗೆ ಹೆಸರಾಗಿದೆ.

ಇಂತಹ ಪ್ರದೇಶದಲ್ಲಿ ಸಾಲದ ಅಗತ್ಯವು ಋತುಮಾನಕ್ಕೆ ಸಂಬಂಧಿಸಿದ್ದು. ಬಿತ್ತನೆಗೆ ಮುನ್ನ ಬೀಜ, ಗೊಬ್ಬರ ಮತ್ತು ಕೂಲಿಗಾಗಿ ಹಣ ಬೇಕು; ಅದು ಮರಳಿ ಬರುವುದು ಸುಗ್ಗಿಯ ನಂತರ. ನಡುವಿನ ತಿಂಗಳುಗಳಲ್ಲಿ ಮಳೆ ಕೈಕೊಟ್ಟರೆ ಆ ವರ್ಷದ ಸಾಲ ಮುಂದಿನ ವರ್ಷಕ್ಕೆ ಉರುಳುತ್ತದೆ. ನೇಕಾರನ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ನೂಲಿಗೆ ಮೊದಲೇ ಹಣ ಹಾಕಿ, ಸೀರೆ ಮಾರಾಟವಾಗುವವರೆಗೆ ಕಾಯಬೇಕು. ಸಾಲ ಕೊಡುವವರು ಯಾರು, ಯಾವ ಷರತ್ತಿನ ಮೇಲೆ ಕೊಡುತ್ತಾರೆ ಎಂಬುದರ ಮೇಲೆ ಇಂತಹ ಕುಟುಂಬಗಳ ಭವಿಷ್ಯ ನಿಂತಿದೆ.

ಏಷ್ಯಾದ ಬೆಳವಣಿಗೆಯ ಹಂತಗಳು

ಏಷ್ಯಾದ ಹಣಕಾಸು ಬೆಳವಣಿಗೆಯನ್ನು ಸ್ಥೂಲವಾಗಿ ಮೂರು ಹಂತಗಳಲ್ಲಿ ಗುರುತಿಸಬಹುದು.

ಮೊದಲನೆಯದು ಜಪಾನಿನ ಹಂತ. 1980ರ ದಶಕದ ಕೊನೆಯಲ್ಲಿ ವಿಶ್ವದ ಹತ್ತು ಅತಿದೊಡ್ಡ ಬ್ಯಾಂಕುಗಳ ಪೈಕಿ ಬಹುಪಾಲು ಜಪಾನಿನವೇ ಆಗಿದ್ದವು. ಭೂಮಿ ಮತ್ತು ಷೇರುಗಳ ಬೆಲೆ ಮಿತಿಮೀರಿ ಏರಿ 1990ರ ದಶಕದ ಆರಂಭದಲ್ಲಿ ಕುಸಿದಾಗ ಈ ಬ್ಯಾಂಕುಗಳ ಸಾಲಗಳು ವಸೂಲಾಗದೆ ಉಳಿದವು. ದೊಡ್ಡ ಗಾತ್ರವೇ ಸುಭದ್ರತೆಯಲ್ಲ ಎಂಬುದಕ್ಕೆ ಇದು ಪಾಠವಾಯಿತು.

ಎರಡನೆಯದು 1997ರ ಬಿಕ್ಕಟ್ಟು ಮತ್ತು ಅದರ ನಂತರದ ಹಂತ. ಆ ವರ್ಷದ ಜುಲೈ 2ರಂದು ಥಾಯ್ಲೆಂಡ್ ತನ್ನ ನಾಣ್ಯವಾದ ಬಾತ್‌ನ ಸ್ಥಿರ ವಿನಿಮಯ ದರವನ್ನು ಕೈಬಿಟ್ಟಿತು. ಬಿಕ್ಕಟ್ಟು ಇಂಡೋನೇಷ್ಯಾ, ದಕ್ಷಿಣ ಕೊರಿಯಾ ಮೊದಲಾದ ದೇಶಗಳಿಗೆ ಹಬ್ಬಿತು. ಅಲ್ಪಾವಧಿಯ ವಿದೇಶಿ ಸಾಲವನ್ನು ನಂಬಿ ದೀರ್ಘಾವಧಿಯ ಹೂಡಿಕೆ ಮಾಡಿದ್ದು ಅದರ ಒಂದು ಮುಖ್ಯ ಕಾರಣವಾಗಿತ್ತು. ಅನಂತರ ಏಷ್ಯಾದ ದೇಶಗಳು ವಿದೇಶಿ ವಿನಿಮಯ ಸಂಗ್ರಹವನ್ನು ಹೆಚ್ಚಿಸಿಕೊಂಡವು. 2000ದಲ್ಲಿ ಆಗ್ನೇಯ ಏಷ್ಯಾದ ದೇಶಗಳು ಚೀನಾ, ಜಪಾನ್ ಮತ್ತು ದಕ್ಷಿಣ ಕೊರಿಯಾಗಳೊಡನೆ ಸೇರಿ, ಸಂಕಟಕಾಲದಲ್ಲಿ ಪರಸ್ಪರ ಹಣ ಒದಗಿಸುವ ಚಿಯಾಂಗ್ ಮಾಯ್ ಒಪ್ಪಂದಕ್ಕೆ ಬಂದವು. ಇಂದು ಚೀನಾದ ಸಂಗ್ರಹವು 3 ಲಕ್ಷ ಕೋಟಿ ಡಾಲರ್‌ಗಳಿಗೂ, ಜಪಾನಿನದು 1 ಲಕ್ಷ ಕೋಟಿ ಡಾಲರ್‌ಗಳಿಗೂ, ಭಾರತದ್ದು 60,000 ಕೋಟಿ ಡಾಲರ್‌ಗಳಿಗೂ ಮೇಲ್ಪಟ್ಟಿದೆ.

ಮೂರನೆಯದು ಏಷ್ಯಾವು ತಾನೇ ಸಾಲ ನೀಡುವ ಹಂತ. ಚೀನಾದ ಇಂಡಸ್ಟ್ರಿಯಲ್ ಅಂಡ್ ಕಮರ್ಷಿಯಲ್ ಬ್ಯಾಂಕ್, ಅಗ್ರಿಕಲ್ಚರಲ್ ಬ್ಯಾಂಕ್, ಕನ್‌ಸ್ಟ್ರಕ್ಷನ್ ಬ್ಯಾಂಕ್ ಮತ್ತು ಬ್ಯಾಂಕ್ ಆಫ್ ಚೀನಾ ಜಾಗತಿಕ ಪಟ್ಟಿಯ ಮೇಲ್ತುದಿಗೆ ಬಂದವು. 1966ರಿಂದ ಮನಿಲಾದಲ್ಲಿ ಕಾರ್ಯನಿರ್ವಹಿಸುತ್ತಿರುವ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಜೊತೆಗೆ, 2016ರ ಜನವರಿಯಲ್ಲಿ ಬೀಜಿಂಗ್‌ನಲ್ಲಿ ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕು ಕಾರ್ಯಾರಂಭ ಮಾಡಿತು. ಭಾರತವು ಇದರ ಎರಡನೆಯ ಅತಿದೊಡ್ಡ ಷೇರುದಾರ ರಾಷ್ಟ್ರ. ಬ್ರಿಕ್ಸ್ ರಾಷ್ಟ್ರಗಳು ಶಾಂಘೈಯಲ್ಲಿ ಸ್ಥಾಪಿಸಿದ ನವ ಅಭಿವೃದ್ಧಿ ಬ್ಯಾಂಕಿನ ಮೊದಲ ಅಧ್ಯಕ್ಷರಾಗಿದ್ದವರು ಮಂಗಳೂರು ಮೂಲದ ಕೆ.ವಿ. ಕಾಮತ್ (2015–2020).

ಬ್ಯಾಂಕಿನ ‘ಆಸ್ತಿ’ ಎಂಬ ಪದವನ್ನು ವಿದ್ಯಾರ್ಥಿಗಳು ಎಚ್ಚರದಿಂದ ಗ್ರಹಿಸಬೇಕು. ಬ್ಯಾಂಕಿನ ಲೆಕ್ಕಪತ್ರದಲ್ಲಿ ಆಸ್ತಿಯ ದೊಡ್ಡ ಪಾಲು ಎಂದರೆ ಅದು ಇತರರಿಗೆ ಕೊಟ್ಟ ಸಾಲ. ಆದ್ದರಿಂದ ‘ಅತಿ ಹೆಚ್ಚು ಆಸ್ತಿಯುಳ್ಳ ಬ್ಯಾಂಕು’ ಎಂಬ ಮಾತು ಬಹುಮಟ್ಟಿಗೆ ‘ಅತಿ ಹೆಚ್ಚು ಸಾಲ ಕೊಟ್ಟ ಬ್ಯಾಂಕು’ ಎಂಬ ಅರ್ಥವನ್ನೇ ಕೊಡುತ್ತದೆ. ಆ ಸಾಲ ಯಾರಿಗೆ ದೊರೆಯಿತು ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ಪೂರ್ವೇತಿಹಾಸ: ಹತ್ತಿಯ ಬೆಲೆ ಮತ್ತು ರೈತರ ಸಾಲ

ಜಾಗತಿಕ ಹಣವು ಗದಗ ಸೀಮೆಯ ಎರೆಭೂಮಿಗೆ ತಲುಪಿದ್ದು ಇತ್ತೀಚೆಗಷ್ಟೇ ಅಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಿತು. ಬೇಡಿಕೆ ಭಾರತದತ್ತ ತಿರುಗಿತು. ಅಮೆರಿಕದ ತಳಿಯಿಂದ ಬೆಳೆಸಿ ‘ಧಾರವಾಡ ಅಮೆರಿಕನ್’ ಎಂದು ಹೆಸರು ಪಡೆದ ಹತ್ತಿಯನ್ನು ಆಗಿನ ಧಾರವಾಡ ಜಿಲ್ಲೆಯ ರೋಣ, ನವಲಗುಂದ, ಡಂಬಳ ಭಾಗಗಳಲ್ಲಿ ವಿಸ್ತಾರವಾಗಿ ಬೆಳೆಯಲಾಗುತ್ತಿತ್ತು. ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಮುಂಬಯಿಯಲ್ಲಿ ಹೊಸ ಬ್ಯಾಂಕುಗಳೂ ಕಂಪನಿಗಳೂ ಹುಟ್ಟಿಕೊಂಡವು. ಷೇರು ಜೂಜು ಹಬ್ಬಿತು.

1865ರಲ್ಲಿ ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. ಮುಂಬಯಿಯ ಷೇರು ಮಾರುಕಟ್ಟೆ ಮುಗ್ಗರಿಸಿತು. ಬ್ಯಾಂಕ್ ಆಫ್ ಬಾಂಬೆ ಉಳಿಯಲಿಲ್ಲ. ಬೆಲೆ ಏರಿದಾಗ ಸುಲಭವಾಗಿ ದೊರೆತ ಸಾಲವು ಬೆಲೆ ಇಳಿದಾಗ ಭಾರವಾಗಿ ಉಳಿಯಿತು. 1876–78ರ ಭೀಕರ ಕ್ಷಾಮವು ಧಾರವಾಡ ಜಿಲ್ಲೆಯನ್ನೂ ನೆರೆಯ ಪ್ರದೇಶಗಳನ್ನೂ ತತ್ತರಿಸುವಂತೆ ಮಾಡಿತು. ಅದಕ್ಕೂ ಮುನ್ನ 1875ರಲ್ಲಿ ಪುಣೆ ಮತ್ತು ಅಹ್ಮದನಗರ ಜಿಲ್ಲೆಗಳ ರೈತರು ಸಾಹುಕಾರರ ವಿರುದ್ಧ ದಂಗೆಯೆದ್ದು ಸಾಲಪತ್ರಗಳನ್ನು ಸುಟ್ಟಿದ್ದರು. ಗ್ರಾಮೀಣ ಸಾಲಕ್ಕೆ ಬೇರೆ ದಾರಿ ಹುಡುಕದೆ ವಿಧಿಯಿಲ್ಲ ಎಂಬ ಅರಿವು ಸರ್ಕಾರಕ್ಕೆ ಮೂಡಿದ್ದು ಇಂತಹ ಸಂದರ್ಭದಲ್ಲಿ.

ಕಣಗಿನಹಾಳ ಸಹಕಾರ ಸಂಘ

ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅವರು 1890ರ ದಶಕದಲ್ಲಿ ಯೂರೋಪಿನ ಗ್ರಾಮೀಣ ಸಾಲ ಸಂಘಗಳನ್ನು ಅಧ್ಯಯನ ಮಾಡಿ ವರದಿ ಸಲ್ಲಿಸಿದರು. ಜರ್ಮನಿಯಲ್ಲಿ ರೈಫೈಸನ್ ರೂಪಿಸಿದ್ದ ಹಳ್ಳಿಯ ಸಂಘದ ಮಾದರಿಯನ್ನು ಅನುಸರಿಸಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಒಂದೇ ಊರಿನ ಕನಿಷ್ಠ ಹತ್ತು ಮಂದಿ ಸೇರಿ ಸಂಘ ಕಟ್ಟಬಹುದಿತ್ತು. ಗ್ರಾಮೀಣ ಸಂಘದ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಒಕ್ಕಲಿಗರಾಗಿರಬೇಕಿತ್ತು. ಸಾಲವನ್ನು ಸದಸ್ಯರಿಗೆ ಮಾತ್ರ ಕೊಡಬಹುದಿತ್ತು. ಸಂಘದ ಸಾಲಕ್ಕೆ ಎಲ್ಲ ಸದಸ್ಯರೂ ತಮ್ಮ ಸಮಸ್ತ ಆಸ್ತಿಯೊಂದಿಗೆ ಹೊಣೆಗಾರರಾಗಿದ್ದರು. ಇದನ್ನು ‘ಅಪರಿಮಿತ ಹೊಣೆ’ ಎನ್ನುತ್ತಾರೆ.

ಈ ಕಾಯಿದೆಯಡಿಯಲ್ಲಿ 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಸಿದ್ದನಗೌಡರನ್ನು ಕರ್ನಾಟಕದಲ್ಲಿ ಸಹಕಾರ ಚಳವಳಿಯ ಪಿತಾಮಹರೆಂದು ಗೌರವಿಸಲಾಗುತ್ತದೆ.

‘ಏಷ್ಯಾದ ಮೊದಲ’ ಎಂಬ ಹೇಳಿಕೆ

ಕಣಗಿನಹಾಳ ಸಂಘವನ್ನು ‘ಏಷ್ಯಾದ ಮೊದಲ ಸಹಕಾರ ಸಂಘ’ ಎಂದು ಕರೆಯುವುದು ರೂಢಿಯಲ್ಲಿದೆ. ಈ ಹೇಳಿಕೆಯನ್ನು ಅಕ್ಷರಶಃ ಒಪ್ಪುವುದು ಕಷ್ಟ. ಜಪಾನಿನಲ್ಲಿ ಸಹಕಾರ ಸಂಘಗಳ ಕಾನೂನು 1900ರಲ್ಲಿಯೇ ಬಂದಿತ್ತು. ಬರೋಡಾದಲ್ಲಿ 1889ರಲ್ಲಿ ‘ಅನ್ಯೋನ್ಯ’ ಹೆಸರಿನ ಪರಸ್ಪರ ಸಹಾಯ ಸಂಘ ಆರಂಭವಾಗಿತ್ತು. ಮದ್ರಾಸ್ ಪ್ರಾಂತದ ತಿರೂರ್ ಗ್ರಾಮದ ಸಂಘವು 1904ರಲ್ಲಿ ಸ್ಥಾಪನೆಯಾದುದೆಂದು ಹೇಳಲಾಗುತ್ತದೆ. ಆದ್ದರಿಂದ ಕಣಗಿನಹಾಳವನ್ನು 1904ರ ಕಾಯಿದೆಯಡಿ ಹುಟ್ಟಿದ ಅತಿ ಹಳೆಯ ಕೃಷಿ ಪತ್ತಿನ ಸಂಘಗಳಲ್ಲಿ ಒಂದು, ಮುಂಬಯಿ ಪ್ರಾಂತದ ಮುಂಚೂಣಿಯ ಸಂಘ ಎಂದು ವಿವರಿಸುವುದು ಹೆಚ್ಚು ಸಮಂಜಸ. ಇದರಿಂದ ಅದರ ಮಹತ್ವವೇನೂ ಕುಗ್ಗುವುದಿಲ್ಲ. ಸಾಲಗಾರರೇ ಸಂಸ್ಥೆಯ ಒಡೆಯರೂ ಆಗಬಲ್ಲರು ಎಂಬ ತತ್ತ್ವವನ್ನು ಅದು ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಕಾರ್ಯರೂಪಕ್ಕೆ ತಂದಿತು.

ಸಹಕಾರದ ಮಿತಿಗಳು

ಗದಗ ಮತ್ತು ಹುಬ್ಬಳ್ಳಿಗಳಲ್ಲಿ ಹತ್ತಿ ಮಾರಾಟದ ಸಹಕಾರ ಸಂಘಗಳು ಬೆಳೆದವು. ಮುಂದಿನ ಪೀಳಿಗೆಯಲ್ಲಿ ಹುಲಕೋಟಿಯ ಕೆ.ಎಚ್. ಪಾಟೀಲರು ಈ ಪರಂಪರೆಯನ್ನು ಮುಂದುವರಿಸಿದರು. ಆದರೂ ದೇಶದ ಮಟ್ಟದಲ್ಲಿ ಫಲಿತಾಂಶ ನಿರೀಕ್ಷಿಸಿದಷ್ಟು ಇರಲಿಲ್ಲ. 1951–52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರ ಒಟ್ಟು ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ. 3ರಷ್ಟು ಮಾತ್ರ, ವಾಣಿಜ್ಯ ಬ್ಯಾಂಕುಗಳದು ಶೇ. 1ಕ್ಕಿಂತ ಕಡಿಮೆ, ಲೇವಾದೇವಿಗಾರರ ಪಾಲು ಸುಮಾರು ಶೇ. 70. ಅರ್ಧ ಶತಮಾನ ಕಳೆದರೂ ಸಾಹುಕಾರನ ಸ್ಥಾನ ಅಲುಗಾಡಿರಲಿಲ್ಲ.

ಕರ್ನಾಟಕದ ಬ್ಯಾಂಕುಗಳು: ಹುಟ್ಟು ಮತ್ತು ವಿಲೀನ

ಕಣಗಿನಹಾಳದಲ್ಲಿ ಸಂಘ ಹುಟ್ಟಿದ ಮರುವರ್ಷವೇ ಕರಾವಳಿಯಲ್ಲಿ ಎರಡು ಬ್ಯಾಂಕುಗಳು ಆರಂಭವಾದವು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಸ್ಥಾಪಿಸಿದ ಸಂಸ್ಥೆ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರು ಸ್ಥಾಪಿಸಿದ ಸಂಸ್ಥೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1913ರಲ್ಲಿ ಮೈಸೂರು ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಯೋಜನೆಯಲ್ಲಿ ಬ್ಯಾಂಕಿನ ಪ್ರತಿನಿಧಿಯು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸುತ್ತಿದ್ದ. ಬಡವರ ಚಿಕ್ಕ ಉಳಿತಾಯವೂ ಬ್ಯಾಂಕಿನ ಬಂಡವಾಳವಾಗಬಲ್ಲದು ಎಂಬುದನ್ನು ಇದು ತೋರಿಸಿತು.

1969 ಮತ್ತು 1980ರ ರಾಷ್ಟ್ರೀಕರಣದ ಬಳಿಕ ಬ್ಯಾಂಕುಗಳು ಹಳ್ಳಿಗಳತ್ತ ಮುಖ ಮಾಡಿದವು. ಸಿಂಡಿಕೇಟ್ ಬ್ಯಾಂಕಿನ ಪ್ರಾಯೋಜಕತ್ವದಲ್ಲಿ 1976ರಲ್ಲಿ ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕು ಸ್ಥಾಪನೆಯಾಯಿತು. ಇಂತಹ ಗ್ರಾಮೀಣ ಬ್ಯಾಂಕುಗಳ ಬಂಡವಾಳದಲ್ಲಿ ಕೇಂದ್ರ ಸರ್ಕಾರದ ಪಾಲು ಶೇ. 50, ರಾಜ್ಯದ್ದು ಶೇ. 15, ಪ್ರಾಯೋಜಕ ಬ್ಯಾಂಕಿನದು ಶೇ. 35. ಸ್ಥಳೀಯ ಭಾಷೆ, ಬೆಳೆ ಮತ್ತು ಜನರನ್ನು ಬಲ್ಲ ಬ್ಯಾಂಕು ಎಂಬುದೇ ಅವುಗಳ ಮೂಲ ಕಲ್ಪನೆಯಾಗಿತ್ತು.

ಇತ್ತೀಚಿನ ವರ್ಷಗಳಲ್ಲಿ ದೊಡ್ಡ ಬ್ಯಾಂಕುಗಳನ್ನು ಕಟ್ಟುವ ನೀತಿಯಿಂದಾಗಿ ಈ ಸಂಸ್ಥೆಗಳಲ್ಲಿ ಅನೇಕವು ಇತರ ಬ್ಯಾಂಕುಗಳಲ್ಲಿ ಸೇರಿಹೋದವು:

• 2005: ಮಲಪ್ರಭಾ ಗ್ರಾಮೀಣ ಬ್ಯಾಂಕು ಬಿಜಾಪುರ, ವರದಾ ಮತ್ತು ನೇತ್ರಾವತಿ ಗ್ರಾಮೀಣ ಬ್ಯಾಂಕುಗಳೊಂದಿಗೆ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಆಯಿತು (ಕೇಂದ್ರ ಕಚೇರಿ ಧಾರವಾಡ).
• 2017: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು.
• 2019: ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು.
• 2020: ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು.
• 2025, ಮೇ 1: ‘ಒಂದು ರಾಜ್ಯ, ಒಂದು ಗ್ರಾಮೀಣ ಬ್ಯಾಂಕು’ ನೀತಿಯಂತೆ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಮತ್ತು ಕರ್ನಾಟಕ ಗ್ರಾಮೀಣ ಬ್ಯಾಂಕುಗಳು ಒಂದಾದವು, ಕೇಂದ್ರ ಕಚೇರಿ ಬಳ್ಳಾರಿಯಲ್ಲಿದೆ.

ವಿಲೀನದಿಂದ ಬ್ಯಾಂಕಿನ ಬಂಡವಾಳ ಬಲಗೊಳ್ಳುತ್ತದೆ. ಒಂದು ಜಿಲ್ಲೆಯ ಬರಗಾಲದಿಂದ ಇಡೀ ಬ್ಯಾಂಕು ಕುಸಿಯುವ ಭಯ ಕಡಿಮೆಯಾಗುತ್ತದೆ. ತಂತ್ರಜ್ಞಾನದ ವೆಚ್ಚ ಹಂಚಿಹೋಗುತ್ತದೆ. ಇವು ನಿಜವಾದ ಲಾಭಗಳು. ಆದರೆ ಸಾಲ ನೀತಿಯನ್ನು ರೂಪಿಸುವ ಕಚೇರಿಯು ರೋಣದ ಎರೆಹೊಲದಿಂದ ಪ್ರತಿ ವಿಲೀನದೊಂದಿಗೆ ಇನ್ನಷ್ಟು ದೂರ ಸರಿಯುತ್ತದೆ ಎಂಬುದೂ ಅಷ್ಟೇ ನಿಜ.

ಕರ್ನಾಟಕಕ್ಕೆ ಬಂದ ಏಷ್ಯಾದ ಬಂಡವಾಳ

ಮೂಲಸೌಕರ್ಯ ಸಾಲಗಳು

ಏಷ್ಯಾದ ಸಂಸ್ಥೆಗಳ ಹಣ ಕರ್ನಾಟಕದಲ್ಲಿ ಮುಖ್ಯವಾಗಿ ಮೂಲಸೌಕರ್ಯಕ್ಕೆ ಬಳಕೆಯಾಗಿದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಉತ್ತರ ಕರ್ನಾಟಕ ನಗರ ವಲಯ ಹೂಡಿಕೆ ಕಾರ್ಯಕ್ರಮವು 2006ರಲ್ಲಿ ಮಂಜೂರಾಯಿತು. ಸುಮಾರು 27 ಕೋಟಿ ಡಾಲರ್ ಸಾಲದ ಈ ಕಾರ್ಯಕ್ರಮದಲ್ಲಿ ಗದಗ-ಬೆಟಗೇರಿಯೂ ಸೇರಿದಂತೆ ಉತ್ತರ ಕರ್ನಾಟಕದ 25 ನಗರ ಮತ್ತು ಪಟ್ಟಣಗಳಿದ್ದವು. ಕುಡಿಯುವ ನೀರು ಮತ್ತು ಒಳಚರಂಡಿ ಅದರ ಪ್ರಮುಖ ಅಂಗಗಳು. ಬೆಂಗಳೂರಿನ ‘ನಮ್ಮ ಮೆಟ್ರೊ’ಗೆ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯೂ, ನಾಗವಾರ ಮಾರ್ಗಕ್ಕೆ ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕೂ ಸಾಲ ನೀಡಿವೆ. ಎರಡನೆಯದರ ಮೊತ್ತ 33.5 ಕೋಟಿ ಡಾಲರ್ (2017).

ಇವು ದಾನವಲ್ಲ, ಸಾಲ. 2005ರ ನಂತರ ಬಹುತೇಕ ರಾಜ್ಯಗಳಿಗೆ ವಿದೇಶಿ ಸಾಲವನ್ನು ಮೂಲ ಷರತ್ತುಗಳೊಂದಿಗೇ ವರ್ಗಾಯಿಸುವ ಪದ್ಧತಿ ಇದೆ. ಆದ್ದರಿಂದ ಡಾಲರ್ ಎದುರು ರೂಪಾಯಿ ಇಳಿದರೆ ಹೆಚ್ಚುವರಿ ಹೊರೆ ರಾಜ್ಯದ ಬೊಕ್ಕಸದ ಮೇಲೆ ಬೀಳುತ್ತದೆ.

ಮರುಪಾವತಿಯ ಪ್ರಶ್ನೆ: ನರಗುಂದ, 1980

ದೊಡ್ಡ ಯೋಜನೆಯ ವೆಚ್ಚವನ್ನು ಕೊನೆಗೆ ಯಾರು ತುಂಬಬೇಕು ಎಂಬ ಪ್ರಶ್ನೆ ನರಗುಂದಕ್ಕೆ ಅಪರಿಚಿತವಲ್ಲ. ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಅಣೆಕಟ್ಟು ಕಟ್ಟಿ ಕಾಲುವೆ ತಂದ ಬಳಿಕ ಸರ್ಕಾರವು ಅಚ್ಚುಕಟ್ಟು ಪ್ರದೇಶದ ರೈತರಿಂದ ಅಭಿವೃದ್ಧಿ ಕರವನ್ನು ವಸೂಲು ಮಾಡಲು ಮುಂದಾಯಿತು. ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚುವುದರಿಂದ ಅದರ ಒಂದಂಶವನ್ನು ರೈತರು ಭರಿಸಬೇಕು ಎಂಬುದು ಈ ಕರದ ತರ್ಕ. ಆದರೆ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಿರಲಿಲ್ಲ. ಬೆಳೆಗೆ ಬೆಲೆಯೂ ಸಿಕ್ಕಿರಲಿಲ್ಲ. ಪ್ರತಿಭಟನೆ ತೀವ್ರಗೊಂಡು 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ಗೋಲಿಬಾರ್ ನಡೆದು ಪ್ರಾಣಹಾನಿ ಸಂಭವಿಸಿತು. ಈ ದಿನವನ್ನು ಪ್ರತಿವರ್ಷ ಹುತಾತ್ಮ ರೈತರ ದಿನವಾಗಿ ಆಚರಿಸಲಾಗುತ್ತದೆ. ಕರ್ನಾಟಕದ ಸಂಘಟಿತ ರೈತ ಚಳವಳಿಗೆ ಈ ಬಂಡಾಯವು ತಿರುವು ನೀಡಿತು. ಯೋಜನೆಯ ಲೆಕ್ಕಪತ್ರದಲ್ಲಿ ‘ಫಲಾನುಭವಿ’ಯಾದವನು ಹೊಲದಲ್ಲಿ ನಿಜವಾಗಿಯೂ ಫಲ ಅನುಭವಿಸಿದ್ದಾನೆಯೇ ಎಂದು ನೋಡದೆ ವಸೂಲಿಗೆ ಇಳಿದರೆ ಏನಾಗಬಹುದು ಎಂಬುದಕ್ಕೆ ಇದು ಉದಾಹರಣೆ.

ಬ್ಯಾಂಕುಗಳ ಒಡೆತನ

ಏಷ್ಯಾದ ಬ್ಯಾಂಕುಗಳು ಭಾರತದ ಬ್ಯಾಂಕುಗಳಲ್ಲಿ ನೇರವಾಗಿ ಹೂಡಿಕೆ ಮಾಡುತ್ತಿರುವುದು ಇತ್ತೀಚಿನ ಬೆಳವಣಿಗೆ. 1926ರಲ್ಲಿ ತಮಿಳುನಾಡಿನ ಕರೂರಿನಲ್ಲಿ ಹುಟ್ಟಿದ ಲಕ್ಷ್ಮೀ ವಿಲಾಸ ಬ್ಯಾಂಕು ಸಂಕಷ್ಟಕ್ಕೆ ಸಿಲುಕಿ 2020ರ ನವೆಂಬರ್‌ನಲ್ಲಿ ಸಿಂಗಾಪುರದ ಡಿಬಿಎಸ್ ಬ್ಯಾಂಕಿನ ಭಾರತೀಯ ಅಂಗಸಂಸ್ಥೆಯಲ್ಲಿ ವಿಲೀನವಾಯಿತು. 2025ರಲ್ಲಿ ಜಪಾನಿನ ಸುಮಿಟೊಮೊ ಮಿಟ್ಸುಯಿ ಬ್ಯಾಂಕು ಯೆಸ್ ಬ್ಯಾಂಕಿನ ಶೇ. 20ರಷ್ಟು ಷೇರುಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದುಬೈಯ ಎಮಿರೇಟ್ಸ್ ಎನ್‌ಬಿಡಿ ಬ್ಯಾಂಕು ಆರ್‌ಬಿಎಲ್ ಬ್ಯಾಂಕಿನ ಶೇ. 60ರಷ್ಟು ಪಾಲನ್ನು ಪಡೆಯುವ ಒಪ್ಪಂದವನ್ನು ಘೋಷಿಸಿತು.

ಈ ಕೊನೆಯ ಉದಾಹರಣೆ ಕರ್ನಾಟಕದ ಗಡಿಭಾಗಕ್ಕೆ ಹತ್ತಿರದ್ದು. ಆರ್‌ಬಿಎಲ್ ಎಂದರೆ 1943ರಲ್ಲಿ ಕೊಲ್ಲಾಪುರದಲ್ಲಿ ಸ್ಥಾಪನೆಯಾದ ರತ್ನಾಕರ ಬ್ಯಾಂಕು. ಕೊಲ್ಲಾಪುರ ಮತ್ತು ಸಾಂಗ್ಲಿ ಭಾಗದ ವ್ಯಾಪಾರಸ್ಥರ ಸಣ್ಣ ಬ್ಯಾಂಕಾಗಿ ಆರಂಭವಾದ ಸಂಸ್ಥೆಯ ಒಡೆತನ ಎಂಟು ದಶಕಗಳಲ್ಲಿ ಅರಬ್ಬೀ ಸಮುದ್ರದಾಚೆಗೆ ಹೋಗುವ ಹಂತಕ್ಕೆ ಬಂದಿದೆ. ಇದರಿಂದ ಬ್ಯಾಂಕಿಗೆ ಬಂಡವಾಳ ಒದಗುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆ ಬಂಡವಾಳವು ಗೃಹಸಾಲ, ಕ್ರೆಡಿಟ್ ಕಾರ್ಡ್ ಮೊದಲಾದ ನಗರದ ವ್ಯವಹಾರಗಳಿಗೆ ಹರಿಯುವುದೋ ಗ್ರಾಮೀಣ ಸಾಲಕ್ಕೂ ಹರಿಯುವುದೋ ಎಂಬುದು ಮುಂದಿನ ಪ್ರಶ್ನೆ.

ಹಳ್ಳಿಯ ಮಟ್ಟದಲ್ಲಿ ಇಂದಿನ ಸ್ಥಿತಿ

ಪಾವತಿ ಸುಲಭ, ಸಾಲ ಕಠಿಣ

2016ರಲ್ಲಿ ಆರಂಭವಾದ ಯುಪಿಐ ಪಾವತಿ ವ್ಯವಸ್ಥೆಯು ಏಷ್ಯಾದ ಹಣಕಾಸು ಸಾಧನೆಗಳಲ್ಲಿ ಗಣನೀಯವಾದುದು. ಒಂದು ತಿಂಗಳ ವ್ಯವಹಾರಗಳ ಸಂಖ್ಯೆ 2023ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ 1,000 ಕೋಟಿಯನ್ನೂ, 2025ರ ಆಗಸ್ಟ್‌ನಲ್ಲಿ 2,000 ಕೋಟಿಯನ್ನೂ ದಾಟಿತು. 2023ರ ಫೆಬ್ರವರಿಯಲ್ಲಿ ಇದನ್ನು ಸಿಂಗಾಪುರದ ಪೇನೌ ವ್ಯವಸ್ಥೆಯೊಂದಿಗೆ ಜೋಡಿಸಲಾಯಿತು. ಇಂದು ಹಳ್ಳಿಯ ಚಹಾದಂಗಡಿಯಲ್ಲಿಯೂ ಸಂತೆಯ ಕಾಯಿಪಲ್ಲೆ ವ್ಯಾಪಾರದಲ್ಲಿಯೂ ಮೊಬೈಲ್ ಮೂಲಕ ಹಣ ಸಂದಾಯವಾಗುತ್ತದೆ.

ಆದರೆ ಪಾವತಿ ಬೇರೆ, ಸಾಲ ಬೇರೆ. ಇರುವ ಹಣವನ್ನು ಕ್ಷಣಾರ್ಧದಲ್ಲಿ ಕಳಿಸಬಹುದು. ಇಲ್ಲದ ಹಣವನ್ನು ಬಿತ್ತನೆಯ ವೇಳೆಗೆ ಹೊಂದಿಸಲು ಉತಾರ ಬೇಕು, ಜಾಮೀನು ಬೇಕು, ಹಿಂದಿನ ಬಾಕಿ ಇಲ್ಲವೆಂಬ ಪತ್ರ ಬೇಕು. ಲಾವಣಿ ಹಿಡಿದು ಹೊಲ ಮಾಡುವವರ ಪಾಡು ಇನ್ನೂ ಕಷ್ಟ. 1974ರ ಭೂಸುಧಾರಣೆಯ ನಂತರ ಕರ್ನಾಟಕದಲ್ಲಿ ಕೃಷಿಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಕಾನೂನಿನ ನಿಷೇಧವಿದೆ. ಗೇಣಿದಾರನ ರಕ್ಷಣೆಗಾಗಿ ಬಂದ ಈ ನಿಯಮದಿಂದಾಗಿ ಇಂದಿನ ಲಾವಣಿ ಒಪ್ಪಂದಗಳು ಬಾಯಿಮಾತಿನಲ್ಲೇ ಉಳಿದಿವೆ. ಉತಾರದಲ್ಲಿ ಹೆಸರು ಮಾಲೀಕನದು. ಬೆಳೆಸಾಲ, ಬೆಳೆವಿಮೆ, ಬರ ಪರಿಹಾರಗಳು ಆ ಹೆಸರನ್ನೇ ಹುಡುಕಿಕೊಂಡು ಹೋಗುತ್ತವೆ. ಬೆವರು ಸುರಿಸಿದವನ ಬಳಿ ಕಾಗದವೇ ಇರುವುದಿಲ್ಲ. 2023ರ ಮುಂಗಾರಿನಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿದಾಗ ಈ ಕೊರತೆಯ ಪರಿಣಾಮ ಎದ್ದು ಕಂಡಿತು.

ಸಹಕಾರ ಸಂಘಗಳು ಮತ್ತು ನಬಾರ್ಡ್ ಮರುಸಾಲ

ಗದಗ ಜಿಲ್ಲೆಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಧಾರವಾಡದ ಕರ್ನಾಟಕ ಸೆಂಟ್ರಲ್ ಸಹಕಾರ ಬ್ಯಾಂಕು (ಕೆಸಿಸಿ ಬ್ಯಾಂಕ್), ಅದಕ್ಕೆ ಬೆಂಗಳೂರಿನ ಅಪೆಕ್ಸ್ ಬ್ಯಾಂಕು, ಅದಕ್ಕೆ ನಬಾರ್ಡ್ ಹಣ ಒದಗಿಸುತ್ತವೆ. ರಾಜ್ಯ ಸರ್ಕಾರವು 2023–24ರಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಕೃಷಿ ಸಾಲದ ಮಿತಿಯನ್ನು 3 ಲಕ್ಷ ರೂಪಾಯಿಗಳಿಂದ 5 ಲಕ್ಷಕ್ಕೆ ಏರಿಸಿತು. ಆದರೆ ಮಿತಿ ಏರಿದ ಮಾತ್ರಕ್ಕೆ ಸಂಘದ ಪೆಟ್ಟಿಗೆಯಲ್ಲಿ ಹಣ ಏರುವುದಿಲ್ಲ. ನಬಾರ್ಡ್‌ನ ರಿಯಾಯಿತಿ ದರದ ಅಲ್ಪಾವಧಿ ಮರುಸಾಲವು 2023–24ರಲ್ಲಿ 5,600 ಕೋಟಿ ರೂಪಾಯಿಗಳಿದ್ದುದು 2024–25ಕ್ಕೆ 2,340 ಕೋಟಿಗೆ ಇಳಿದಿದೆ, ಅಂದರೆ ಶೇ. 58ರಷ್ಟು ಕಡಿತವಾಗಿದೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರಕ್ಕೆ ದೂರಿದರು. ಸಹಕಾರ ಸಂಘದ ಸದಸ್ಯರು ಹೆಸರಿಗೆ ಒಡೆಯರಾದರೂ ಸಂಘದ ಬಂಡವಾಳ ಮೇಲಿನಿಂದ ಬರುವುದೇ ಹೆಚ್ಚು ಎಂಬ ವಾಸ್ತವವನ್ನು ಈ ಪ್ರಸಂಗ ಬಯಲು ಮಾಡಿತು.

ಮೈಕ್ರೋಫೈನಾನ್ಸ್

ಬ್ಯಾಂಕು ಮತ್ತು ಸಂಘಗಳು ಮುಟ್ಟದ ಮನೆಗಳಿಗೆ ಮೈಕ್ರೋಫೈನಾನ್ಸ್ ಕಂಪನಿಗಳು ಮುಟ್ಟುತ್ತಿವೆ. ಆಸ್ತಿಯ ಅಡಮಾನವಿಲ್ಲದೆ, ಮಹಿಳೆಯರ ಗುಂಪಿನ ಪರಸ್ಪರ ಹೊಣೆಯ ಮೇಲೆ ಸಾಲ ಕೊಡುವ ಈ ಮಾದರಿಯೂ ಏಷ್ಯಾದ್ದೇ. ಬಾಂಗ್ಲಾದೇಶದ ಗ್ರಾಮೀಣ್ ಬ್ಯಾಂಕು ಇದನ್ನು ಜನಪ್ರಿಯಗೊಳಿಸಿತು. ಅದರ ಸ್ಥಾಪಕ ಮುಹಮ್ಮದ್ ಯೂನುಸ್ ಅವರಿಗೂ ಬ್ಯಾಂಕಿಗೂ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು. ಭಾರತದಲ್ಲಿ ಈ ಕ್ಷೇತ್ರವು ಬಹುಪಾಲು ಖಾಸಗಿ ಹೂಡಿಕೆದಾರರ ಬಂಡವಾಳ ಮತ್ತು ಬ್ಯಾಂಕುಗಳ ಸಾಲದಿಂದ ಬೆಳೆಯಿತು.

2022ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮಗಳು ಬಡ್ಡಿಯ ಮೇಲಿನ ಮಿತಿಯನ್ನು ತೆಗೆದವು. ಅದಕ್ಕೆ ಬದಲಾಗಿ ಒಂದು ಕುಟುಂಬದ ಎಲ್ಲ ಸಾಲಗಳ ಕಂತುಗಳು ಅದರ ಮಾಸಿಕ ಆದಾಯದ ಶೇ. 50ನ್ನು ಮೀರಬಾರದು ಎಂದು ವಿಧಿಸಿದವು. ಕೃಷಿ ಕುಟುಂಬಕ್ಕೆ ‘ಮಾಸಿಕ ಆದಾಯ’ ಎಂಬುದೇ ಇಲ್ಲದಿರುವುದು ಇಲ್ಲಿನ ತೊಡಕು. ಆದಾಯ ಬರುವುದು ಸುಗ್ಗಿಗೆ. ಕಂತು ಕಟ್ಟಬೇಕಾದದ್ದು ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ. ಈ ಅಂತರವನ್ನು ತುಂಬಲು ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುವುದು ರೂಢಿಯಾಯಿತು. ವಸೂಲಿಯ ಕಿರುಕುಳ ಮತ್ತು ಆತ್ಮಹತ್ಯೆಗಳ ವರದಿಗಳು ಹೆಚ್ಚಿದಾಗ ಕರ್ನಾಟಕ ಸರ್ಕಾರವು ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ಹಿಂತಿರುಗಿಸಿದ್ದ ಇದು 2025ರ ಫೆಬ್ರವರಿ 12ರಂದು ಜಾರಿಗೆ ಬಂದು, ಮುಂದೆ ವಿಧಾನಮಂಡಲದ ಅಂಗೀಕಾರ ಪಡೆಯಿತು. ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿಗಳವರೆಗೆ ದಂಡವನ್ನು ಇದು ವಿಧಿಸುತ್ತದೆ.

ಎರಡು ಮಾದರಿಗಳ ಹೋಲಿಕೆ

1905ರ ಕಣಗಿನಹಾಳ ಸಂಘಕ್ಕೂ ಇಂದಿನ ಮೈಕ್ರೋಫೈನಾನ್ಸ್ ಗುಂಪಿಗೂ ಮೇಲ್ನೋಟಕ್ಕೆ ಸಾಮ್ಯವಿದೆ. ಎರಡರಲ್ಲೂ ನೆರೆಯವರೇ ಜಾಮೀನು. ಒಬ್ಬರು ತಪ್ಪಿದರೆ ಉಳಿದವರು ಹೊರಬೇಕು. ವ್ಯತ್ಯಾಸವಿರುವುದು ಒಡೆತನದಲ್ಲಿ. ಸಂಘದಲ್ಲಿ ಹೊಣೆ ಹೊತ್ತವರೇ ಸಾಲದ ನಿಯಮ ಮಾಡುತ್ತಿದ್ದರು; ಉಳಿದ ಲಾಭ ಸಂಘದ ಮೀಸಲು ನಿಧಿಗೆ ಸೇರಿ ಊರಿನಲ್ಲೇ ಉಳಿಯುತ್ತಿತ್ತು. ಮಳೆ ಬಾರದ ವರ್ಷ ಯಾರ ಮನೆಯಲ್ಲಿ ಏನಿದೆ ಎಂಬುದು ಎಲ್ಲರಿಗೂ ಗೊತ್ತಿದ್ದುದರಿಂದ ಅವಧಿ ವಿಸ್ತರಿಸುವ ತೀರ್ಮಾನ ಅಲ್ಲಿಯೇ ಸಾಧ್ಯವಿತ್ತು. ಇಂದಿನ ಗುಂಪಿನಲ್ಲಿ ಹೊಣೆ ಮಾತ್ರ ಊರಿನದು. ನಿಯಮ ಮತ್ತು ಲಾಭ ಎರಡೂ ಬೇರೆಡೆಯವು.

ಇದರ ಅರ್ಥ ಹಳೆಯದೆಲ್ಲ ಒಳ್ಳೆಯದೆಂದಲ್ಲ. ಸಹಕಾರ ಸಂಘಗಳಲ್ಲಿ ಪ್ರಬಲರ ಹಿಡಿತ, ರಾಜಕೀಯ ಹಸ್ತಕ್ಷೇಪ, ಬಾಕಿ ಉಳಿಸಿಕೊಳ್ಳುವ ಪ್ರವೃತ್ತಿಗಳು ಇದ್ದೇ ಇವೆ. ಭೂಮಿಯಿಲ್ಲದವರಿಗೂ ಮಹಿಳೆಯರಿಗೂ ಅವು ಬಾಗಿಲು ತೆರೆದದ್ದು ನಿಧಾನವಾಗಿ. ಆ ಖಾಲಿ ಜಾಗವನ್ನೇ ಮೈಕ್ರೋಫೈನಾನ್ಸ್ ಕಂಪನಿಗಳು ತುಂಬಿದವು ಎಂಬುದನ್ನು ಒಪ್ಪಿಕೊಳ್ಳಬೇಕು.

ಮೌಲ್ಯಮಾಪನ

ಏಷ್ಯಾದ ಹಣಕಾಸು ಬೆಳವಣಿಗೆಯಿಂದ ಬಡ್ಡಿ ದರ ಇಳಿಯುತ್ತದೆ, ಮೂಲಸೌಕರ್ಯಕ್ಕೆ ಹಣ ಒದಗುತ್ತದೆ, ಪಾಶ್ಚಾತ್ಯ ಸಂಸ್ಥೆಗಳ ಮೇಲಿನ ಅವಲಂಬನೆ ತಗ್ಗುತ್ತದೆ ಎಂಬುದು ಅದರ ಪರವಾದ ವಾದ. ಸಾಲದ ಕೇಂದ್ರ ಲಂಡನ್ನಿನಿಂದ ಬೀಜಿಂಗ್, ದುಬೈ ಅಥವಾ ಮುಂಬಯಿಗೆ ಬಂದ ಮಾತ್ರಕ್ಕೆ ರೈತನಿಗೆ ಅದು ಹತ್ತಿರವಾಗುವುದಿಲ್ಲ ಎಂಬುದು ಪ್ರತಿವಾದ. ಗದಗ ಜಿಲ್ಲೆಯ ಅನುಭವವು ಎರಡಕ್ಕೂ ಪುರಾವೆ ಒದಗಿಸುತ್ತದೆ. ಬೆಟಗೇರಿಯ ನಲ್ಲಿಯ ನೀರಿಗೆ ಮನಿಲಾದ ಬ್ಯಾಂಕಿನ ಹಣ ಒದಗಿದ್ದು ನಿಜ. ಲಾವಣಿ ರೈತನಿಗೆ ಬೆಳೆಸಾಲ ಇಂದಿಗೂ ಸಿಗದಿರುವುದೂ ನಿಜ.

ಈ ನಡುವೆ ಚರ್ಚೆಯಲ್ಲಿರುವ ಪರಿಹಾರಗಳು ಕೆಲವಿವೆ: ಮಾಲೀಕತ್ವಕ್ಕೆ ಧಕ್ಕೆಯಾಗದಂತೆ ಲಾವಣಿ ರೈತರನ್ನು ದಾಖಲಿಸುವುದು, ಕಂತುಗಳನ್ನು ಸುಗ್ಗಿಗೆ ಹೊಂದಿಸುವುದು, ಪತ್ತಿನ ಸಂಘಗಳು ಸದಸ್ಯರ ಠೇವಣಿಯಿಂದಲೇ ಹೆಚ್ಚಿನ ಬಂಡವಾಳ ಕಟ್ಟಿಕೊಳ್ಳುವುದು, ವಿಲೀನಗೊಂಡ ಗ್ರಾಮೀಣ ಬ್ಯಾಂಕಿನ ಪ್ರಾದೇಶಿಕ ಕಚೇರಿಗಳಿಗೆ ಬರಗಾಲದಲ್ಲಿ ತಾವೇ ತೀರ್ಮಾನಿಸುವ ಅಧಿಕಾರ ನೀಡುವುದು. ಇವುಗಳಲ್ಲಿ ಯಾವುದಕ್ಕೂ ಜಗತ್ತಿನ ಅತಿದೊಡ್ಡ ಬ್ಯಾಂಕು ಬೇಕಿಲ್ಲ. 1860ರ ದಶಕದಲ್ಲಿ ಹತ್ತಿಯ ಬೆಲೆಯೊಂದಿಗೆ ಬಂದ ಹಣ ಬೆಲೆಯೊಂದಿಗೇ ಹೊರಟುಹೋಗಿ ಸಾಲವನ್ನು ಉಳಿಸಿತು. 1905ರ ಸಂಘವು ಅದಕ್ಕೆ ಊರು ಕಂಡುಕೊಂಡ ಉತ್ತರವಾಗಿತ್ತು. ಏಷ್ಯಾದ ಹಣಕಾಸು ಬಲ ಹೆಚ್ಚುತ್ತಿರುವ ಈ ಕಾಲದಲ್ಲಿ ರೋಣ, ನರಗುಂದ, ಗಜೇಂದ್ರಗಡಗಳ ಮಟ್ಟಿಗೆ ಅದರ ಯಶಸ್ಸನ್ನು ಅಳೆಯುವ ಅಳತೆಗೋಲು ಹಳೆಯದೇ ಆಗಿದೆ: ಬಿತ್ತನೆಯ ವೇಳೆಗೆ ಸರಿಯಾಗಿ, ತೀರಿಸಬಲ್ಲ ಷರತ್ತಿನ ಮೇಲೆ, ಸಾಲ ದೊರೆಯಿತೇ ಇಲ್ಲವೇ ಎಂಬುದು.